ಮೇಕೆಗೂ ಗೂಟ ಹೊಡೆಯದ ಏರಿ

ಆ ಮಂಗಳವಾರ ಪಾಶ್ಕೊ ನನ್ನ ಜೊತೆ ಜಗಳವಾಡಿದ್ದು ಹಾವುಮೀನಿನ ಸಾರಿಗಾಗಿ. ಖಾರ ಸಾಲದು ಎಂದ. ಮಾಡಿಕೊಂಡು ತಿನ್ನು ಎಂದೆ. ಎರಡು ತಟ್ಟೆ ತಿಂದ. ಆಮೇಲೆ ಬಾಗಿಲಲ್ಲಿ ಕೂತು ಬೂಟಿನ ಮಣ್ಣು ಕೆರೆದು, ಒರೆಸಿದ ನೆಲವನ್ನೆಲ್ಲ ಹೊಲಸು ಮಾಡಿ ಬೈಸಿಕೊಂಡ. ಹೊರಗೆ ಎರಡು ದಿನದಿಂದ ತೆಂಕಣ ಗಾಳಿ. ಮೊಣಕಾಲು ನೋಯುತ್ತದೆ ಎಂದು ಬೇಗ ಮಲಗಿದ. ನಮ್ಮ ಮನೆಯಲ್ಲಿ ಅದು ಎಂದಿನ ದಿನ. ಬುಧವಾರ ಅವನು ಸತ್ತ.

ಪಾಶ್ಕೊ ನನ್ನ ಗಂಡ. ನೆರೆತ್ವಾ ನದಿ ಸಮುದ್ರ ಸೇರುವ ಕಡೆ ನಮ್ಮ ಊರು. ಹೊಲ, ಕಿತ್ತಳೆ ತೋಟ, ಮನೆ ಎಲ್ಲ ಸಮುದ್ರಕ್ಕಿಂತ ತಗ್ಗಿನಲ್ಲಿವೆ. ನಡುವೆ ಒಂದು ಮಣ್ಣಿನ ಏರಿ. ಮೂವತ್ತೊಂದು ವರ್ಷ ಅವನು ಆ ಏರಿಯ ಕಾವಲುಗಾರ. ಬೆಳಗಾದರೆ ಕಬ್ಬಿಣದ ಮೂತಿಯ ಕೋಲು, ಒಂದು ಬಕೆಟ್ಟು ಜೇಡಿಮಣ್ಣು, ಹಿಂದೆ ನಮ್ಮ ಮೇಕೆ. ಹೆಗ್ಗಣದ ಬಿಲ ಕಂಡರೆ ಕೋಲು ಇಳಿಸಿ ಆಳ ನೋಡುವನು, ಜೇಡಿ ತುಂಬಿ ಹಿಮ್ಮಡಿಯಿಂದ ತುಳಿಯುವನು. ಬೆರಳು ಹೋಗುವಷ್ಟು ದಾರಿ ಕೊಟ್ಟರೆ ಸಮುದ್ರ ಅದನ್ನು ಕತ್ತೆ ಹೋಗುವಷ್ಟು ಮಾಡಿಕೊಳ್ಳುತ್ತದೆ ಎನ್ನುತ್ತಿದ್ದ. ಅದಕ್ಕೇ ಏರಿಯ ಮೇಲೆ ನಮ್ಮಲ್ಲಿ ಯಾರೂ ಗೂಟ ಹೊಡೆಯುವುದಿಲ್ಲ. ಮೇಕೆಯನ್ನೂ ಕಲ್ಲಿಗೆ ಕಟ್ಟುತ್ತೇವೆ. ಈ ಊರಿಗೆ ಸೊಸೆಯಾಗಿ ಬಂದ ದಿನ ಅತ್ತೆ ನನಗೆ ಮೊದಲು ಕಲಿಸಿದ್ದು ಅದನ್ನು.

ಮೂರು ವರ್ಷದ ಹಿಂದೆ ಅನುದಾನ ಬಂತು. ಜಲಾನಯನ ಪುನಶ್ಚೇತನ ಮತ್ತು ಕರಾವಳಿ ಹವಾಮಾನ ಸಿದ್ಧತೆ ಯೋಜನೆ ಎಂದು ಹೆಸರು. ಮೇಲೆ ಬೆಟ್ಟದಲ್ಲಿ ಹಳ್ಳಗಳನ್ನು ಸರಿ ಮಾಡುತ್ತಾರೆ, ಇಲ್ಲಿ ಏರಿಯನ್ನು ಸೊಂಟದಷ್ಟು ಎತ್ತರಿಸಿ ಅದರ ಸಮುದ್ರದ ಕಡೆಯ ಮೈಗೆ ಕಲ್ಲು ಕಟ್ಟುತ್ತಾರೆ ಎಂದರು. ಕಲ್ಲು ನಮಗೆ ಬೇಕಿತ್ತು. ಬೇಡವಾಗಿತ್ತು ಎಂದು ಈಗ ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಬಂದದ್ದು ಸಭೆ. ಆಮೇಲೆ ಬಕಪಕ್ಷಿಯ ಚಿತ್ರವಿದ್ದ ಪುಸ್ತಕ. ಆಮೇಲೆ ತಲೆಗೊಂದರಂತೆ ನೀಲಿ ಟೋಪಿ. ಆಮೇಲೆ ಯೋಜನೆಯ ಕಚೇರಿಯಿಂದ ಡುಬ್ರಾವ್ಕಾ ಎಂಬ ಹೆಂಗಸು, ಬಿಳಿ ಬೂಟು ಹಾಕಿಕೊಂಡು, ಯೋಜನೆಯ ಹೆಸರು ಬರೆದ ಬೋರ್ಡು ನಿಲ್ಲಿಸುವ ಜಾಗ ನೋಡಲು.

"ಏರಿಯ ಆ ತಿರುವಿನಲ್ಲೇ ಬರ್ಬೇಕು ಯಜಮಾನ್ರೇ. ರಸ್ತೆಯಿಂದ ಕಾಣೋದು ಅದೊಂದೇ ಜಾಗ."

"ಅಲ್ಲಿ ಮಣ್ಣು ಸಡಿಲ ಕಣಮ್ಮ. ಮೇಕೆ ಕಟ್ಟೋಕೂ ಗೂಟ ಹೊಡೆಯಲ್ಲ ನಾವು."

"ಮೇಕೆ ಬೇರೆ, ಬೋರ್ಡು ಬೇರೆ."

"ಹೌದಮ್ಮ. ಮೇಕೆ ಹಾಲು ಕೊಡುತ್ತೆ."

ಅವಳೂ ನಕ್ಕಳು. ನಕ್ಕು ಮುಗಿಸಿ ಹೇಳಿದಳು, "ಬೋರ್ಡಿಲ್ದೆ ಫೋಟೋ ಇಲ್ಲ. ಫೋಟೋ ಇಲ್ದೆ ಕಂತಿಲ್ಲ. ಕಂತಿಲ್ದೆ ಕಲ್ಲಿಲ್ಲ. ಶುಕ್ರವಾರದ ಒಳಗೆ ಆಗ್ಬೇಕು."

ಎರಡು ದಿನ ಅವನು ಏರಿಗೂ ಮನೆಗೂ ಓಡಾಡಿದ. ಊಟ ಸೇರಲಿಲ್ಲ. ನನಗೆ ರೇಗಿತು.

"ತೋಡು ಹೋಗು," ಎಂದೆ. "ನೀನು ತೋಡದಿದ್ರೆ ಅವರು ಯಂತ್ರ ತಂದು ತೋಡ್ತಾರೆ. ನಿನ್ನ ಹಟಕ್ಕೆ ಊರಿಗೇ ಕಲ್ಲು ಬರಬಾರದಾ?"

ಹಾಗೆ ಹೇಳಿದವಳು ನಾನು.

ಗುರುವಾರ ಅವನೇ ಸನಿಕೆ ತೆಗೆದುಕೊಂಡು ಹೋಗಿ ಸೊಂಟದಾಳದ ಎರಡು ಗುಂಡಿ ತೋಡಿದ. ಕಂಬ ನಿಲ್ಲಿಸಿ ಸುತ್ತ ಜೇಡಿ ತುಂಬಿ ಕತ್ತಲಾಗುವವರೆಗೆ ತುಳಿದ. ಶುಕ್ರವಾರ ಡುಬ್ರಾವ್ಕಾ ತಲೆಗೆ ಹೆಲ್ಮೆಟ್ ಹಾಕಿಕೊಂಡು ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಅಲ್ಲಿ ಅವಳ ತಲೆ ಮೇಲೆ ಬೀಳುವಂಥದ್ದು ಬೋರ್ಡು ಬಿಟ್ಟರೆ ಬೇರೇನೂ ಇರಲಿಲ್ಲ.

ಕಲ್ಲು ಬಂತು. ಏರಿಯ ತುದಿಯ ತೂಬಿನಿಂದ ಕಟ್ಟುತ್ತಾ ಬಂದು, ತಿರುವು ಇನ್ನು ನೂರು ಹೆಜ್ಜೆ ಇರುವಾಗ ನಿಂತಿತು. ಮುಂದಿನ ಕಂತಿಗೆ ಮೊದಲು ವರದಿ ಹೋಗಬೇಕಂತೆ.

ಸಾರಿಗೆ ಜಗಳವಾಡಿದ ಮಾರನೆಯ ದಿನ, ಆ ಬುಧವಾರ, ಬೆಳಗ್ಗೆ ಹತ್ತು ಗಂಟೆ. ನದಿ ತುಂಬಿತ್ತು, ಗಾಳಿ ಸಮುದ್ರವನ್ನು ಒಳಕ್ಕೆ ನೂಕುತ್ತಿತ್ತು. ಪಾಶ್ಕೊ ಓಡುತ್ತಾ ಒಳಗೆ ಬಂದ. ಬೂಟು ಕಳಚಲಿಲ್ಲ.

"ಬೋರ್ಡಿನ ಕಾಲ ಹತ್ರ ನೀರು ಕುದೀತಿದೆ. ಹಾಸಿಗೆ ಎತ್ತು ತೊಂಕಾ, ತೂತಿಗೆ ತುರುಕೋಣ."

ನನ್ನ ಮದುವೆಯ ಉಣ್ಣೆ ಹಾಸಿಗೆ. ಒಂದು ತುದಿ ಅವನು, ಒಂದು ತುದಿ ನಾನು. ಏರಿಯ ಒಳಮಗ್ಗುಲಲ್ಲಿ, ಕಂಬದ ನೇರಕ್ಕೆ, ಕೆಸರು ಜೋಳದ ಗಂಜಿಯ ಹಾಗೆ ಬೊಳಬೊಳ ಎನ್ನುತ್ತಿತ್ತು. ಅವನು ಸಮುದ್ರದ ಕಡೆ ಇಳಿದು ಹಾಸಿಗೆಯನ್ನು ತೂತಿಗೆ ಒತ್ತಿ ಅದರ ಮೇಲೆ ನಿಂತ. ನೀರು ಎದೆಗಿತ್ತು.

"ನೆಡೊನ ಕರ್ಕೊಂಡು ಬಾ. ಮಣ್ಣು ತುಂಬೋ ಚೀಲ ತರ್ಲಿ. ನೋಡ್ತಾ ನಿಲ್ಬೇಡ."

ತಿರುವಿನ ಕೆಳಗಿನ ಕಿತ್ತಳೆ ತೋಟ ನೆಡೊನದು. ಅವನ ಮನೆ ರಸ್ತೆಯ ಆಚೆ ದಿಬ್ಬದಲ್ಲಿದೆ. ಓಡಿದೆ. ಅವನನ್ನು ಕರೆದುಕೊಂಡು ಬರುವಷ್ಟರಲ್ಲಿ ತಿರುವು ಇರಲಿಲ್ಲ. ನೀರು ಇತ್ತು.

ಎರಡು ದಿನದ ಮೇಲೆ ಪಾಶ್ಕೊ ಸಿಕ್ಕಿದ, ನೆಡೊನ ತೋಟದಲ್ಲಿ, ಹಣ್ಣು ತುಂಬಿದ ಗಿಡದ ಬುಡದಲ್ಲಿ. ಬೋರ್ಡು ಅಲ್ಲೇ ಸ್ವಲ್ಪ ದೂರದಲ್ಲಿ ಎರಡು ಗಿಡಗಳ ನಡುವೆ ಸಿಕ್ಕಿಕೊಂಡಿತ್ತು. ಹಣ ಕೊಟ್ಟವರ ಲಾಂಛನಗಳು ಒಂದೂ ಕೆಟ್ಟಿರಲಿಲ್ಲ. ಬಣ್ಣ ಒಳ್ಳೆಯದು ಹಾಕಿದ್ದರು.

ಐದು ವಾರಕ್ಕೆ ವರದಿ ಬಂತು. ನೀರಿಳಿದ ಮೇಲೆ ಕೆಸರು ಬಾಚಿದ್ದ ನನ್ನ ಅಡುಗೆಮನೆಯಲ್ಲಿ ಕೂತು ನೆಡೊ ಓದಿದ. "ಏರಿ ಒಡೆಯಲು ಕಾರಣ ಹೆಗ್ಗಣದ ಬಿಲ. ಕಾವಲುಗಾರನು ಅದನ್ನು ಸಕಾಲದಲ್ಲಿ ಗಮನಿಸಿರುವುದಿಲ್ಲ." ಇನ್ನೊಂದು ಸಲ ಓದು ಎಂದೆ. ಓದಿದ. ಮೂವತ್ತೊಂದು ವರ್ಷ ಹೆಗ್ಗಣದ ಬಿಲ ಮುಚ್ಚಿದವನು. ಕೆಳಗೆ ಹೆಂಡತಿಯ ಸಹಿಗೆ ಜಾಗ ಬಿಟ್ಟಿದ್ದರು.

ಸಹಿ ತೆಗೆದುಕೊಂಡು ಹೋಗಲು ಡುಬ್ರಾವ್ಕಾ ಬಂದಳು. ಈ ಸಲ ರಬ್ಬರ್ ಬೂಟು. ಕಾಫಿ ಕೊಟ್ಟೆ.

"ಆ ಸಾಲು ತೆಗೀರಿ," ಎಂದೆ. "ತೂತು ಹೆಗ್ಗಣದ್ದಲ್ಲ. ನಿಮ್ಮ ಬೋರ್ಡಿಂದು."

"ಹಾಗೆ ಬರೆದ್ರೆ ತನಿಖೆ ಬರುತ್ತೆ ತೊಂಕಮ್ಮ. ಕೊಟ್ಟ ಅನುದಾನ ವಾಪಸ್ ಕೇಳ್ತಾರೆ. ಕಲ್ಲು ಅಲ್ಲಿಗೇ ನಿಲ್ಲುತ್ತೆ. ಊರಿನ ಗತಿ ಯೋಚ್ನೆ ಮಾಡಿ."

"ಗುಂಡಿ ತೋಡು ಅಂದಿದ್ದು ನೀವು ಹೌದೋ ಅಲ್ವೋ?"

"ತೋಡಿದ್ದು ಅವರೇ ಅಲ್ವಾ?"

ಎದ್ದು ಹೋಗಿ ನನ್ನ ಲೋಟದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಬಂದೆ. ಅವಳ ಮಾತು ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು. ತೋಡು ಹೋಗು ಎಂದ ಬಾಯಿಯೂ ಅಲ್ಲೇ ಇತ್ತಲ್ಲ, ನನ್ನ ಮುಖದ ಮೇಲೆ.

ನೆಡೊ ಬಾಗಿಲಲ್ಲಿ ನಿಂತಿದ್ದ. "ಸಹಿ ಹಾಕಿಬಿಡು ತೊಂಕಾ. ನೀರು ನುಗ್ಗಿದ್ರೆ ಸತ್ತವರು ನೆನೆಯಲ್ಲ. ನಾವು ನೆನೀತೀವಿ."

"ನಿನ್ನ ಕಿತ್ತಳೆ ಬುಡದಲ್ಲೇ ಬಿದ್ದಿದ್ದ ಕಣೋ ಅವನು."

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. ಯೋಜನೆಯವರು ಕೊಟ್ಟ ಅದೇ ನೀಲಿ ಟೋಪಿ.

ನಾನು ಸಹಿ ಹಾಕಲಿಲ್ಲ. ಕಾಗದ ಹಾಗೆಯೇ ಹೋಯಿತು. ಸಹಿಯ ಜಾಗದಲ್ಲಿ 'ಓದುಬರಹ ಬಾರದು' ಎಂದು ಬರೆದುಕೊಂಡರಂತೆ. ನಾಲ್ಕನೆಯ ತರಗತಿಯವರೆಗೆ ಓದಿದ್ದೇನೆ. ಇದನ್ನು ಬರೆದಿರುವುದು ನಾನೇ. ಪಾಶ್ಕೊ ಒಂದು ಬಿಲವನ್ನೂ ಮುಚ್ಚದೆ ಬಿಟ್ಟವನಲ್ಲ. ಏರಿ ಒಡೆದದ್ದು ಬೋರ್ಡಿನ ಗುಂಡಿಯಿಂದ.

ಬೇಸಿಗೆಗೆ ಮುಂಚೆ ತಿರುವನ್ನು ಕಟ್ಟಿದರು. ಕಟ್ಟಿದ ವಾರವೇ ಬೋರ್ಡು ವಾಪಸು ಬಂತು, ಅದೇ ಜಾಗಕ್ಕೆ. ಐದು ವರ್ಷ ನಿಂತಿರಬೇಕು ಎಂದು ನಿಯಮವಿದೆಯಂತೆ. ಏರಿ ಎಷ್ಟು ವರ್ಷ ನಿಂತಿರಬೇಕು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಈ ಸಲ ಯಂತ್ರದಿಂದಲೇ ತೋಡಿ ಸಿಮೆಂಟು ಸುರಿದರು. ಸಿಮೆಂಟಿಗೂ ಜೇಡಿಗೂ ಕೂಡಿ ಬರುವುದಿಲ್ಲ. ಗಾಳಿಗೆ ಬೋರ್ಡು ಅಲ್ಲಾಡುತ್ತದೆ, ಕಂಬದ ಸುತ್ತ ಬಿರುಕು ಬಿಡುತ್ತದೆ. ಹೊಸ ಕಾವಲುಗಾರ ಸೋಮವಾರ ಪಟ್ಟಣದಿಂದ ಬರುತ್ತಾನೆ, ಕಾರಿನಿಂದ ಇಳಿಯದೆ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗುತ್ತಾನೆ.

ಕೆಳಗೆ ನೆಡೊನ ಗಿಡಗಳಿವೆ. ಇನ್ನೂ ಕೆಳಗೆ ನನ್ನ ಮನೆ.

ಬೆಳಗ್ಗೆ ಮೇಕೆಯನ್ನು ಕರೆದುಕೊಂಡು ಏರಿ ಹತ್ತುತ್ತೇನೆ. ಕಲ್ಲಿಗೆ ಕಟ್ಟುತ್ತೇನೆ. ಅವನ ಕೋಲನ್ನು ಕಂಬದ ಪಕ್ಕ ಇಳಿಸಿ ಎಷ್ಟು ಹೋಗುತ್ತದೆ ಎಂದು ನೋಡುತ್ತೇನೆ. ಒಂದು ಬಕೆಟ್ಟು ಜೇಡಿ ಬೋರ್ಡಿನ ಎರಡು ಕಾಲಿಗೆ ಸಾಕಾಗುತ್ತದೆ. ಬಿರುಕಿಗೆ ತುಂಬಿ ಹಿಮ್ಮಡಿಯಿಂದ ತುಳಿಯುತ್ತೇನೆ, ಸಮುದ್ರದ ಕಡೆಯದು ಮೊದಲು.