ಅತ್ತೆಯ ಕೈನಡುಕವೂ ಇಡೀ ಗುಳಿಗೆಯೂ

ಅತ್ತೆಯ ಕೈ ನಡುಗುತ್ತಿದೆ ಎಂದು ನನಗೆ ಮೊದಲು ತಿಳಿಸಿದ್ದು ಅವರ ಬಳೆಗಳು. ಕೊಟ್ಟೂರಿನ ಮನೆಯಲ್ಲಿ ಬೆಳಿಗ್ಗೆ ಅವರು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅರ್ಧ ಗಂಟೆ ಯಾರೂ ಲೋಟ ಕೂಡ ಸದ್ದಾಗುವಂತೆ ಇಡುತ್ತಿರಲಿಲ್ಲ. ಆ ಮೌನದೊಳಗೆ ಒಂದು ದಿನ ಸಣ್ಣಗೆ ಕಿಣಿಕಿಣಿ ಕೇಳಿತು. ಕೈ ಅಲ್ಲಾಡಿಸದೆ ಕೂತವರ ಬಳೆ ಏಕೆ ಮಾತಾಡಬೇಕು?

ಆಮೇಲೆ ಒಂದೊಂದೇ ಕಣ್ಣಿಗೆ ಬಿದ್ದವು. ಕಪ್ಪು-ಬಸಿ ಬಿಟ್ಟು ಅವರು ಸ್ಟೀಲಿನ ಲೋಟಕ್ಕೆ ಬಂದಿದ್ದರು. ಅದನ್ನೂ ಮುಕ್ಕಾಲು ತುಂಬಿದರೆ ಸಾಕು ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸುವ ಕೆಲಸ ನನಗೆ ಬಂತು. ಬಾಗಿಲ ಮುಂದಿನ ರಂಗೋಲಿಯೂ ಬಂತು. "ನೀನ ಹಾಕವ್ವ. ಕಾನ್ವೆಂಟಿನ್ಯಾಗ ಕಲ್ತಾಕಿ, ನಿನ್ನ ಗೆರಿ ನೆಟ್ಟಗ ಬರ್ತಾವು" ಎಂದರು. ಮದುವೆಯಾಗಿ ಆರು ವರ್ಷದಲ್ಲಿ ಅವರು ನನ್ನ ರಂಗೋಲಿ ಹೊಗಳಿದ್ದು ಅದೇ ಮೊದಲು. ನನ್ನ ಅನುಮಾನ ಗಟ್ಟಿಯಾಗಲು ಅಷ್ಟು ಸಾಕಿತ್ತು.

ಒಂದು ಬೆಳಿಗ್ಗೆ ನೋಡುತ್ತೇನೆ, ಪೂಜೆಗೆ ಕೂತವರ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಅಗಲವಾದ ಪರಾತ, ಪರಾತದ ತುಂಬ ಜೋಳದ ಹಿಟ್ಟು. ಅದರ ಮೇಲೆ ಲಿಂಗ ಹಿಡಿದ ಅಂಗೈ. ಪೂಜೆ ಮುಗಿಯುವವರೆಗೆ ಕಾದು ಕೇಳಿದೆ.

"ಅತ್ತಿ, ಹಿಟ್ಟು ಯಾಕ್ರಿ?"

"ಬಿದ್ರ ಮೆತ್ತಗ ಬೀಳ್ಲಿ ಅಂತ." ಅವರು ನನ್ನ ಮುಖ ನೋಡಲಿಲ್ಲ. "ಎಂಟು ವರ್ಷದಾಕಿ ಇದ್ದಾಗಿಂದ ಈ ಅಂಗೈಯಾಗ ಐತಿ. ಒಂದಿನ ಜಾರಿಲ್ಲ. ಈಗ ಜಾರಿದ್ರ ಯಾ ಮುಖ ಇಟ್ಕೊಂಡು ತಿರುಗಿ ಕೊರಳಾಗ ಕಟ್ಕೊಳ್ಲಿ? ಯಾರ ಮುಂದೂ ಹೇಳಬ್ಯಾಡ."

ನಾನು ಹೇಳಲಿಲ್ಲ. ಆದರೆ ತಂಬ್ರಹಳ್ಳಿ ಕಡೆಯಿಂದ ಬಂದ ಪಕ್ಕದ ಮನೆಯಾಕೆಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳಲು ಬಂದವರು ಅತ್ತೆ ಬಟ್ಟಲು ಚಾಚಿದ್ದನ್ನು ಕಂಡೇ ಬಿಟ್ಟರು.

"ಅಯ್ಯ, ಕೈ ನಡುಗಾಕತ್ತೈತಲ್ರಿ! ನಮ್ಮ ದೊಡ್ಡವ್ವಗೂ ಹಿಂಗ ಶುರುವಾಗಿತ್ತು. ಆಮ್ಯಾಗ ತಲಿನೂ ಅಲ್ಲಾಡ್ತಿತ್ತು, ಹೂಂ ಹೂಂ ಅಂದಂಗ. ಹಂಡೆ ಕೊಡ್ತಿಯೇನಬೇ ಅಂತ ಬಂದವ್ರಿಗೆಲ್ಲ ಹೂಂ ಅಂದಂಗ ಕಾಣೋದು. ಮನಿಯಾಗಿನ ಅರ್ಧ ಪಾತ್ರಿ ಹೋದ್ವು ನೋಡ್ರಿ!"

ದೃಷ್ಟಿ ತೆಗೆಸಿರಿ ಎಂದೂ ಹೇಳಿ ಹೋದರು. ಅತ್ತೆ ದೃಷ್ಟಿಗೆ ಹೆದರಲಿಲ್ಲ, ಪಾತ್ರೆಗೆ ಹೆದರಿದರು. ಅಟ್ಟದ ಮೇಲಿನ ಹಿತ್ತಾಳೆ ಹಂಡೆಯನ್ನು ಒಮ್ಮೆ ನೋಡಿ, "ನಾಳಿಗೆ ಹರಪನಹಳ್ಳಿ ಬಸ್ಸು ಎಷ್ಟೊತ್ತಿಗೈತಿ?" ಎಂದರು.

ಅಲ್ಲಿನ ಡಾಕ್ಟರು ಅವಸರವಿಲ್ಲದ ಮನುಷ್ಯ. ಮೊದಲು ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇರಿಸಿದರು. ನಡುಕವಿಲ್ಲ. ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಎಂದಿತು. ಆಮೇಲೆ ಅದೇ ಹಾಳೆಯನ್ನು ಮುಂದೆ ತಳ್ಳಿ, "ಒಂದು ಸುರುಳಿ ಬರೀರಿ ಅಮ್ಮ" ಎಂದರು.

"ನಮ್ಮ ಸೊಸಿ ಬರೀತಾಳ್ರಿ. ಕಾನ್ವೆಂಟು."

ಡಾಕ್ಟರಿಗೆ ನಗು ಬಂತು. ಇನ್ನೊಂದು ಹಾಳೆ ತೆಗೆದರು. "ಆಯ್ತು, ಇಬ್ರೂ ಬರೀರಿ."

ಶಾಲೆಯಲ್ಲಿ ನನ್ನ ಕಾಪಿ ಪುಸ್ತಕದ ಪಕ್ಕ ಸಿಸ್ಟರ್ ಸ್ಕೇಲು ಹಿಡಿದು ನಿಲ್ಲುತ್ತಿದ್ದರು. ಅವತ್ತಿನಿಂದ ಇವತ್ತಿನವರೆಗೂ ಯಾರಾದರೂ ದೊಡ್ಡವರು ನೋಡುತ್ತಿದ್ದರೆ ನನ್ನ ಬೆರಳು ಕುಣಿಯುತ್ತವೆ. ಅತ್ತೆ ಎರಡೂ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು.

"ಲೇ, ನಂದರ ಚಕ್ಕುಲಿ ಆಗೈತಿ. ನಿಂದೇನಲೇ ಇದು, ಒಡದ ಜಿಲೇಬಿ!"

"ಗಾಬರಿಯಾದ್ರೆ ಯಾರ ಕೈಯಾದ್ರೂ ನಡುಗ್ತದೆ, ಬಿಡ್ರಿ" ಎಂದು ಡಾಕ್ಟರು ನನ್ನ ಮಾನ ಉಳಿಸಿದರು. ಮತ್ತೆ ಅತ್ತೆಯ ಕಡೆ ತಿರುಗಿ ಒಂದೊಂದೇ ಕೇಳಿದರು. ತಾಯಿ ತಂದೆಗೆ ಹೀಗಿತ್ತೇ? ಎದೆ ಡವಡವ ಎನ್ನುತ್ತದೆಯೇ, ಮೈ ಇಳಿದಿದೆಯೇ? ನಡಿಗೆ ನಿಧಾನವಾಗಿದೆಯೇ? ಕೊನೆಗೆ, "ಮಾತ್ರೆ ಏನಾದ್ರೂ ತಗಂತೀರಾ?"

ಅತ್ತೆ ಎಲೆಯಡಿಕೆ ಚೀಲದಿಂದ ಒಂದು ಪಟ್ಟಿ ಗುಳಿಗೆ ತೆಗೆದರು. ಮನೆ ಹತ್ತಿರದ ಶೇಂಗಾ ಮಿಲ್ಲಿನ ಧೂಳಿಗೆ ಉಸಿರು ಕಟ್ಟುತ್ತದೆಂದು ನಮ್ಮೂರಿನ ಡಾಕ್ಟರು ಕೊಟ್ಟದ್ದು. ಅದರ ಜೊತೆಗಿದ್ದ ಹಳೆಯ ಚೀಟಿಯನ್ನು ಈ ಡಾಕ್ಟರು ಓದಿದರು.

"ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಅರ್ಧನೇ ತಾನೆ?"

"ಮುಕ್ಕಾದ ಬಿಲ್ವಪತ್ರಿನ ಲಿಂಗಕ್ಕ ಏರ್ಸಂಗಿಲ್ರಿ ನಾವು. ಪೂಜಿಗಿ ಮುಂಚೆ ಮುರದ ಗುಳಿಗಿ ಹೆಂಗ ಬಾಯಾಗ ಹಾಕ್ಕೊಳ್ಲಿ? ಇಡೀದ ತಗೊಂತೀನಿ."

"ಸಂಜೆಗೆ?"

"ಬೆಳಿಗ್ಗೆ ಒಂದು, ಸಂಜಿಗೆ ಒಂದು ಅಂತ ಸರಿಜೋಡಿ ಮಾಡೀನ್ರಿ."

"ಪೂಜೆಗೆ ಮುಂಚೆ ತಿಂಡಿ?"

"ಶಿವಾ! ಒಂದು ಅಗಳೂ ಇಲ್ಲ."

"ಚಹಾ?"

"ಚಾ ಲೆಕ್ಕಕ್ಕ ಬರಂಗಿಲ್ರಿ. ಎರಡು ಮೂರು ಲೋಟ."

ಡಾಕ್ಟರು ಪೆನ್ನು ಕೆಳಗಿಟ್ಟರು. ಉಸಿರು ಬಿಡಿಸುವ ಗುಳಿಗೆಯೇ ಕೈಯನ್ನೂ ಕುಣಿಸುತ್ತದೆ. ಅದೂ ದುಪ್ಪಟ್ಟು, ಬರಿಹೊಟ್ಟೆಗೆ, ಕಡಕ್ ಚಹಾದ ಜೊತೆ. ಹಾಗೆಂದು ನಿಲ್ಲಿಸಿಬಿಟ್ಟೀರಿ, ಉಸಿರು ಕಟ್ಟೀತು ಎಂದರು. ಪೂಜೆ ಬೇಗ ಮುಗಿಸಿ, ತಿಂಡಿ ತಿಂದು, ಆಮೇಲೆ ಅರ್ಧ. ಸಂಜೆಗೂ ಅರ್ಧವೇ, ಚಹಾ ಬಿಡಬೇಕು. ಥೈರಾಯ್ಡಿಗೂ ಸಕ್ಕರೆಗೂ ರಕ್ತ ಕೊಡಿ ಎಂದರು. ನನಗೆ ಬೇರೆಯಾಗಿ ಹೇಳಿದರು: "ಸುಮ್ನೆ ಇಟ್ಟ ಕೈ ನಡುಗಿದ್ರೆ, ಒಂದೇ ಕಡೆ ನಡುಗಿದ್ರೆ, ನಡಿಗೆ ಬಿಗಿಯಾದ್ರೆ ಮತ್ತೆ ಕರ್ಕಂಡು ಬರ್ರಿ. ಒಮ್ಮೆಲೇ ಶುರುವಾಗಿ ಬಾಯಿ ಸೊಟ್ಟ ಆತು, ಮಾತು ತೊದಲ್ತು ಅಂದ್ರೆ ಮಾತ್ರ ಪಂಚಾಂಗ ನೋಡಬ್ಯಾಡ್ರಿ, ದೊಡ್ಡಾಸ್ಪತ್ರೆಗೆ ಓಡ್ರಿ."

ರಕ್ತದಲ್ಲಿ ಏನೂ ಸಿಗಲಿಲ್ಲ. ಪೂಜೆಯಾದ ಮೇಲಿನ ಅರ್ಧ ಗುಳಿಗೆಗೆ ಅತ್ತೆಯ ತಕರಾರೂ ಇರಲಿಲ್ಲ. ಚಹಾ ಬಿಡಲು ಮಾತ್ರ ಒಂದು ವಾರ ನಮ್ಮೆಲ್ಲರ ಮೇಲೆ ಸಿಡುಕಿದರು.

ಎರಡು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತವಳಿಗೆ ಏನೋ ಕೇಳಿಸುತ್ತಿಲ್ಲ ಅನ್ನಿಸಿತು. ಇಣುಕಿದೆ. ದಿಂಬಿಲ್ಲ, ಪರಾತವಿಲ್ಲ. ಅಂಗೈಯ ಮೇಲೆ ಲಿಂಗ, ಲಿಂಗದ ಮೇಲೆ ಒಂದು ಬಿಲ್ವದ ಎಲೆ. ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ರಂಗೋಲಿ ಡಬ್ಬಿ ತೆಗೆದುಕೊಂಡು ಬಾಗಿಲಿಗೆ ಹೋದೆ.

ಪೂಜೆ ಮುಗಿಸಿ ಅತ್ತೆ ಹಿಂದೆಯೇ ಬಂದರು. ನಾನು ಎಳೆದ ಗೆರೆಗಳನ್ನು ನಿಂತು ನೋಡಿದರು. ಆಮೇಲೆ ಕೈ ಚಾಚಿದರು.

"ಕೊಡು ಇಲ್ಲಿ ಡಬ್ಬಿ. ತಿಂಗಳಿಂದ ಓಣಿಯವ್ರ ಮುಂದ ನಮ್ಮ ಮಾನ ಹೋಗೈತಿ."