ಸಡಿಲ ಹೊಲಿಗೆಯ ರೆಕ್ಕೆ

ಕಾರಿನ ಸೀಟುಗಳಿಗೆ ಕವರು ಹೊಲಿಯುವ ಅಂಗಡಿಯಲ್ಲಿ ನಾನು ಸಂಬಳದ ಆಳು. ಇದುವರೆಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆದವನಲ್ಲ. ಆದ್ದರಿಂದ ಭಾವನನ್ನು ಕೀಳಾಗಿ ಕಾಣುವ ಹಕ್ಕು ನನಗಿಲ್ಲ. ಆದರೂ ಕಾಣುತ್ತೇನೆ. ಎದುರಿಗೆ ಬಹುವಚನ, ಇಲ್ಲಿ ಏಕವಚನ.

ಭಾವ ಹಲ್ಲಿನ ಸೆಟ್ಟು ಮಾಡುವವನು. ಊರಿನ ಅರ್ಧ ಮುದುಕರು ನಗುವುದು ಅವನ ಹಲ್ಲಿನಲ್ಲೇ. ಆರು ವರ್ಷದಿಂದ ಒಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ಮನೆಯ ಮುಂದಿನ ಕೋಣೆಯಲ್ಲಿ ಕಟ್ಟುತ್ತಿದ್ದಾನೆ. ಕಟ್ಟುವುದೇನು ಬಂತು, ಐದು ವರ್ಷ ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಗೆರೆಯೊಂದನ್ನೇ ಬರೆದು ಅಳಿಸಿದ್ದಾನೆ: ಮೂತಿ ಎಷ್ಟು ದುಂಡು, ಬೆನ್ನು ಎಷ್ಟು ಉಬ್ಬು, ಬಾಲ ಎಷ್ಟು ಚೂಪು. ದಪ್ಪ ರೆಕ್ಕೆ ಅಂದರೆ ಅವನಿಗೆ ವಾಕರಿಕೆ.

"ದಪ್ಪ ರೆಕ್ಕೆ ಕೋಳಿಗೆ ಕಣೋ. ನಾವು ಗಾಳೀಲಿ ನುಸುಳ್ಬೇಕು."

ಆ ತೆಳು ಗೆರೆಯಂತೆ ಇಪ್ಪತ್ತೆರಡು ಮರದ ಪಕ್ಕೆಲುಬು ಕೊಯ್ದು, ಹಲ್ಲು ಉಜ್ಜುವ ಯಂತ್ರದಲ್ಲೇ ಉಜ್ಜಿ ನಯ ಮಾಡಿದ. ಅಕ್ಕ ಆರು ವರ್ಷದಿಂದ ತನ್ನ ಮನೆಗೆ ಹಿಂಬಾಗಿಲಿಂದ ಬರುತ್ತಾಳೆ.

ಪಕ್ಕೆಲುಬಿಗೆ ಬಟ್ಟೆ ಹೊದಿಸುವ ಕೆಲಸ ನನ್ನ ತಲೆಗೆ ಬಿತ್ತು. ಸೀಟಿನ ಮೇಲೆ ಜನ ಕೂತಾಗ ಹೊಲಿಗೆ ಹರಿಯದಿರಲೆಂದು ನಾವು ಬಟ್ಟೆಯನ್ನು ಕೊಂಚ ಸಡಿಲ ಬಿಡುತ್ತೇವೆ. ರೆಕ್ಕೆಯ ಮೇಲೆ ಯಾರೂ ಕೂರುವುದಿಲ್ಲ ಎಂದು ನನ್ನ ಕೈಗೆ ಹೇಳಿದವರಿಲ್ಲ.

ಅಕ್ಕ ಬ್ರೆಡ್ಡು ಹಂಚುವ ಪಿಕಪ್ ಮೇಲೆ ಅರ್ಧ ರೆಕ್ಕೆ ಕಟ್ಟಿ, ಕೆಳಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಖಾಲಿ ರಸ್ತೆಯಲ್ಲಿ ಓಡಿಸಿದೆವು. ಐವತ್ತೈದರ ವೇಗದಲ್ಲಿ ಅದು ನೂರಹತ್ತು ಕಿಲೋ ಎತ್ತಿದರೆ ಮಾತ್ರ ಭಾವ ಹಾರಬಹುದು. ಹಿಂದೆ ಕೂತು ಮುಳ್ಳು ಓದುತ್ತಿದ್ದ ನಾನು "ನೂರಿಪ್ಪತ್ತು!" ಎಂದು ಕೂಗಿದೆ.

"ನೋಡಿದ್ಯೇನೋ ನನ್ನ ಗೆರೆ!" ಗಾಡಿ ಓಡಿಸುತ್ತಿದ್ದ ಅಕ್ಕನ ಪಕ್ಕದ ಕಿಟಕಿಯಿಂದ ಭಾವನ ತಲೆ ಹೊರಬಂತು.

ನಾನು ನೋಡಿದ್ದು ಬೇರೆ. ಪಕ್ಕೆಲುಬುಗಳ ನಡುವೆ ನನ್ನ ಸಡಿಲ ಬಟ್ಟೆ ಉಂಡವನ ಹೊಟ್ಟೆಯಂತೆ ಮೇಲಕ್ಕೆ ಉಬ್ಬಿತ್ತು. ಅವನ ಗೆರೆ ಇದ್ದದ್ದು ಮರವಿದ್ದ ಕಡೆ ಮಾತ್ರ. ಮಿಕ್ಕದ್ದೆಲ್ಲ ಅಪ್ಪಟ ಕೋಳಿ. ಇನ್ನು ಬಟ್ಟೆ ಬಿಗಿದು ಉಬ್ಬು ಇಳಿಸುವ ಬಣ್ಣ ಬಳಿದು, ಅದೇ ತಿಂಗಳು ಅವನು ಹಾರುವವನಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಬೈಗುಳ ತಪ್ಪುತ್ತಿತ್ತು, ಅಕ್ಕನಿಗೆ ಗಂಡನೇ ತಪ್ಪುತ್ತಿದ್ದ.

"ಭಾವ, ಎತ್ತಿದ್ದು ನಿಮ್ಮ ಗೆರೆ ಅಲ್ಲ. ನನ್ನ ಕೆಟ್ಟ ಹೊಲಿಗೆ."

"ಕೇಳಿದ್ಯೇನೇ, ಸೀಟು ಹೊಲಿಯೋನು ನಂಗೆ ಗಾಳಿ ಪಾಠ ಹೇಳ್ತಾನೆ!"

"ಬಣ್ಣ ಬಳಿದು ಇನ್ನೊಂದ್ಸಲ ತೂಗಿ," ಅಂದಳು ಅಕ್ಕ, ಸ್ಟೀರಿಂಗಿನಿಂದ ಕೈ ತೆಗೆಯದೆ. "ಅಲ್ಲೀವರ್ಗೂ ಹಾರಾಟ ಗೀರಾಟ ಏನಿಲ್ಲ."

ಬಳಿದ. ಬಟ್ಟೆ ಡೋಲಿನಂತೆ ಬಿಗಿಯಿತು. ಅದೇ ರಸ್ತೆ, ಅದೇ ವೇಗ. ಮುಳ್ಳು ಎಂಬತ್ತಕ್ಕೆ ನಿಂತಿತು. ಹೆಚ್ಚು ಭಾರ ಎತ್ತಲೆಂದು ರೆಕ್ಕೆಯ ಮೂತಿಯನ್ನು ಇನ್ನಷ್ಟು ಮೇಲೆ ಮಾಡಿ ಕಟ್ಟಿದ; ತೆಳು ಬೆನ್ನಿನಿಂದ ಗಾಳಿಯೇ ಜಾರಿ, ಮುಳ್ಳು ಅರವತ್ತಕ್ಕೆ ಇಳಿಯಿತು.

ತಪ್ಪಾಯ್ತು ಅನ್ನುವ ಮಾತಿಗೆ ಭಾವನ ಬಾಯಲ್ಲಿ ಅಚ್ಚೇ ಇಲ್ಲ. ಮನೆಗೆ ಬಂದವನೇ ಹೊಸ ಹಾಳೆ ಹಾಸಿ, ಹಳೆಯ ಗೆರೆಯನ್ನು ಅದಕ್ಕೆ ಇಳಿಸಿ, ಅದರ ಬೆನ್ನ ಮೇಲೆ ಪೆನ್ಸಿಲು ಹಿಡಿದು ನಿಂತ.

"ನಿನ್ನ ಬಟ್ಟೆ ಅವತ್ತು ಎಷ್ಟು ಉಬ್ಬಿತ್ತೋ?"

"ಅಂದಾಜು ಎರಡು ಬೆರಳು."

ಅಂದಾಜು ಅಂದದ್ದೇ ತಡ, ಭಾವ ಮುಖ ಕಿವುಚಿದ.

"ಯಾರ ಬೆರಳು?"