ಸೂರ್ಯನ ಗಾಳಿಗೆ ಹತ್ತು ಸಾವಿರ ಸುತ್ತು

ಬೆಳಗಿನ ಐದೂವರೆ. ಭದ್ರಾವತಿಯ ಬಸ್ಸುಗಳಿನ್ನೂ ಗದ್ದಲ ಶುರುಮಾಡಿಲ್ಲ. ನಮಾಜು ಮುಗಿಸಿ ಬಂದ ಹುಸೇನ್ ಸಾಬರು ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಶಟರ್ ಅರ್ಧ ಎತ್ತಿ, ಗೇಣುದ್ದದ ಕಡ್ಡಿಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಎದುರಿಗೆ ಮಡದಿ ರೋಶನ್ ಬೀ. ನೂರು ಸುತ್ತಾದರೆ ಬಟ್ಟಲಿಗೊಂದು ಹುಣಿಸೆ ಬೀಜ. "ಮಾತಾಡ್ಬೇಡಿ, ಲೆಕ್ಕ ತಪ್ಪುತ್ತೆ" ಎಂದು ಬಂದವರನ್ನೂ ಗದರುತ್ತಾರೆ.

ದಿನಕ್ಕೆ ಐನೂರು ಸುತ್ತು, ಒಟ್ಟು ಹತ್ತು ಸಾವಿರ. ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗಿ ತಂತಿ ಕಡಿಯುತ್ತದೆ. ಹಾಗಾಗಿ ಏಳೂವರೆಗೆಲ್ಲ ಕಡ್ಡಿ ಡಬ್ಬಿ ಸೇರುತ್ತದೆ. ಆಮೇಲೆ ಹೊಳೆಹೊನ್ನೂರಿನ ಗದ್ದೆಗಳಿಂದ ಬಂದ ಸುಟ್ಟ ಪಂಪ್‌ಸೆಟ್‌ಗಳ ಸರದಿ. ನಲವತ್ತು ವರ್ಷದಿಂದ ಇದೇ ಕೆಲಸ.

ಬೆಳಗಿನ ಈ ಕಡ್ಡಿ ಹೋಗುವುದು ಬಾಹ್ಯಾಕಾಶಕ್ಕೆ! ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಹರಿವೇ ಸೌರಮಾರುತ. ಅದರೊಳಗೆ ಏಳುವ ಪ್ಲಾಸ್ಮಾ ಅಲೆಗಳನ್ನು ಹಿಡಿಯುವ ಉಪಕರಣವನ್ನು ಶಿವಮೊಗ್ಗದ ಕಾಲೇಜೊಂದರ ಭೌತಶಾಸ್ತ್ರ ಉಪನ್ಯಾಸಕಿ ಪ್ರಿಯದರ್ಶಿನಿಯವರ ತಂಡ ಸಿದ್ಧಪಡಿಸುತ್ತಿದೆ. ತಂತಿ ಸುತ್ತಿದ ಈ ಕಡ್ಡಿಯೇ ಅದರ ಕಿವಿ. ಸುತ್ತುವ ಯಂತ್ರದಲ್ಲಿ ತಂತಿ ಪದೇ ಪದೇ ಕಡಿದಾಗ ಅವರು ಹುಡುಕಿಕೊಂಡು ಬಂದದ್ದು ಈ ಅಂಗಡಿಗೆ. ಏನು ವಿಷಯವೆಂದು ಕೇಳಿದರೆ ಸಾಬರಿಗೆ ಎಲ್ಲಿಲ್ಲದ ಹುರುಪು. "ಎಲೆಕ್ಟ್ರಾನುಗಳು ಸೂರ್ಯನಿಂದ ಸಾಲಾಗಿ ಓಡಿ ಬರ್ತಾವಂತೆ. ಮಧ್ಯದಲ್ಲಿ ಈ ಅಲೆ ಸಿಕ್ಕಿ ದಿಕ್ಕಾಪಾಲು ಮಾಡುತ್ತಂತೆ. ಸವಳಂಗ ರಸ್ತೆಲಿ ಸ್ಕೂಲ್ ಬಿಟ್ಟಾಗ ಮಕ್ಕಳು ಚದುರಲ್ವಾ, ಹಂಗೆ ಮಾರಾಯ್ರೆ!"

ಪಾಪ, ಮೊದಲ ಸಲ ಎಡವಟ್ಟಾಯಿತು. ಇಪ್ಪತ್ತು ದಿನ ಸುತ್ತಿದ ಸುರುಳಿಯನ್ನು, ಗಟ್ಟಿಯಾಗಿರಲಿ ಎಂಬ ಅಕ್ಕರೆಯಿಂದ, ಮೋಟಾರಿಗೆ ಮಾಡುವಂತೆಯೇ ವಾರ್ನಿಷ್‌ನಲ್ಲಿ ಅದ್ದಿಬಿಟ್ಟರು. ಅದು ತಂತಿಯ ಪದರಗಳ ನಡುವೆ ಇಳಿದು, ವೇಗವಾಗಿ ಮಿಡಿಯುವ ಅಲೆಗಳಿಗೆ ಸುರುಳಿ ಕಿವುಡಾಯಿತು. ಪ್ರಿಯದರ್ಶಿನಿ ಆ ಸುರುಳಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತಂತೆ ಸಾಬರಿಗೆ. "ಮೇಡಂ ಮುಖ ನೋಡೋಕಾಗ್ಲಿಲ್ಲ. ಇನ್ನೊಂದು ಸಲ ಕೊಡಿ ಅಂದೆ" ಎನ್ನುತ್ತಾರೆ. ತಂಡ ತರಿಸಿದ್ದ ವಿಶೇಷ ಲೋಹದ ಕಡ್ಡಿಗಳಲ್ಲಿ ಉಳಿದಿದ್ದದ್ದು ಒಂದೇ. ಇದೂ ಕೆಟ್ಟರೆ ಉಪಕರಣವೇ ಇಲ್ಲ. ಸಾಬರು ತಮ್ಮ ಕಣ್ಣಿನ ಪೊರೆಯ ಆಪರೇಷನ್ನನ್ನೂ ಮುಂದಕ್ಕೆ ಹಾಕಿ ಕುಳಿತೇಬಿಟ್ಟರು. "ಎಂಥ ಹಠ ಇವರದ್ದು!" ಎಂದು ಗೊಣಗಿದ ರೋಶನ್ ಬೀ, ಮರುದಿನದಿಂದ ತಾವೇ ಎಣಿಸಲು ಕುಳಿತರು. ವಾರ್ನಿಷ್ ಡಬ್ಬಿಯನ್ನು ಮನೆಗೊಯ್ದು ಅಕ್ಕಿ ಡ್ರಮ್ಮಿನ ಹಿಂದೆ ಅಡಗಿಸಿದರು.

ಇವತ್ತು ಬಟ್ಟಲಿಗೆ ನೂರನೆಯ ಬೀಜ ಬಿತ್ತು. ಹತ್ತು ಗಂಟೆಗೆ ಪ್ರಿಯದರ್ಶಿನಿ ಬಂದು ಸುರುಳಿಯನ್ನು ಪರೀಕ್ಷೆಯ ಅಲೆಗಳನ್ನು ಹಾಯಿಸುವ ಮೀಟರಿಗೆ ಜೋಡಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಅದರ ಪರದೆಯತ್ತ ಬಾಗಿ ನಿಂತಿದ್ದಾರೆ. ಪರದೆಯ ಗೆರೆ ಮೆಲ್ಲಗೆ ಏಳುತ್ತದೆ. ಮೊದಲನೆಯ ಸುರುಳಿಗೆ ಸಿಗದಿದ್ದ ವೇಗದ ಅಲೆಗಳೂ ಇದಕ್ಕೆ ಸಿಗುತ್ತಿವೆ.

"ಸರಿಯಾಗಿದೆ ಸಾಬ್ರೇ. ತಗೊಂಡ್ ಹೋಗ್ತೀನಿ."

ಸಾಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ನಾನು ಸುತ್ತಿದ ಮೋಟಾರೆಲ್ಲ ಒಂದಲ್ಲ ಒಂದಿನ ವಾಪಸ್ ಬರ್ತಾವೆ. ಇದು ಅಲ್ಲಿ ಕೆಟ್ರೆ ನನ್ನತ್ರ ರಿಪೇರಿಗೆ ಬರೋಕಾಗುತ್ತಾ ಮೇಡಂ?"

"ಆಗಲ್ಲ."

ಸಾಬರು ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಒಪ್ಪಿಸುತ್ತಾರೆ. "ನಲವತ್ತು ವರ್ಷದಲ್ಲಿ ಒಂದು ಮೋಟಾರಿಗೂ ಗ್ಯಾರಂಟಿ ಕೊಟ್ಟೋನಲ್ಲ ನಾನು. ಇದಕ್ಕೆ ಕೊಡ್ತೀನಿ, ಬರ್ಕೊಳ್ಳಿ."